ಆಮೆ ಸಾಕುವ ಮೊದಲು ಅದರ ಕಾಲು ನೋಡಿ

ಹೋದ ಮಳೆಗಾಲದಲ್ಲಿ ಗಂಗಾವತಿಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಒಂದು ಆಮಿ ಸಿಕ್ಕೈತಿ. ಏನ್ ತಿನ್ನಸ್ಬೇಕು ಹೇಳು." ಮೊದಲು ಫೋಟೋ ಕಳಿಸು ಅಂದೆ. ಬಂದ ಫೋಟೋ ನೋಡಿ ಎದೆ ಧಸಕ್ಕೆಂದಿತು. ನೀಲಿ ಬಕೆಟ್. ಅದರ ತುಂಬ ನೀರು. ನೀರಿನಲ್ಲಿ ಅಂಗೈಯಷ್ಟು ಆಮೆ, ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ. ಕತ್ತು ಚಾಚಿ, ಮೂಗು ಮಾತ್ರ ಮೇಲಿಟ್ಟು ಕಾಲು ಬಡಿಯುತ್ತಿತ್ತು. ತಿನ್ನಿಸುವುದು ಆಮೇಲೆ, ಮೊದಲು ಆ ನೀರು ಚೆಲ್ಲು ಅಂದೆ.

ಹುಡುಗನ ತಪ್ಪೇನೂ ಇಲ್ಲ. ಆಮೆ ಅಂದರೆ ನೀರಿನಲ್ಲಿರುವುದು ಅಂತಲೇ ಅವನು ಕೇಳಿ ಬೆಳೆದದ್ದು. ಇಂಗ್ಲಿಷಿನವರು ನೆಲದ್ದಕ್ಕೆ ಟಾರ್ಟಾಯ್ಸ್, ನೀರಿನದಕ್ಕೆ ಟರ್ಟಲ್ ಅನ್ನುತ್ತಾರೆ. ನಮ್ಮಲ್ಲಿ ಗದ್ದೆಯದ್ದೂ ಆಮೆ, ಗುಡ್ಡದ್ದೂ ಆಮೆ, ಸಮುದ್ರದ್ದೂ ಆಮೆ, ಗುಡಿಯ ನೆಲದಲ್ಲಿ ಕೆತ್ತಿದ್ದೂ ಆಮೆ. ಮಾತಿಗೆ ಇದರಿಂದ ತೊಂದರೆ ಇಲ್ಲ. ಸಾಕುವವರಿಗೆ ಇದೆ. ನೆಲದ ಆಮೆ ಬಕೆಟ್ಟಿನಲ್ಲಿ ಮುಳುಗಿ ಸಾಯುತ್ತದೆ. ನೀರಿನ ಆಮೆ ಹಜಾರದ ಮೂಲೆಯಲ್ಲಿ ಎಲೆಕೋಸಿನ ಮುಂದೆ ಉಪವಾಸ ಬೀಳುತ್ತದೆ. ಏನು ತಿನ್ನಿಸಲಿ ಅಂತ ನನ್ನನ್ನು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಅದರ ಕಾಲು ಹೇಗಿದೆ?

ಕಾಲು ಆನೆಯದ್ದರ ಹಾಗೆ ಗುಂಡಗೆ, ಕಂಬದಂತೆ ಇದ್ದು, ಬೆನ್ನು ಬೋರಲು ಹಾಕಿದ ಬಟ್ಟಲಿನಂತೆ ಉಬ್ಬಿದ್ದರೆ ಅದು ನೆಲದ ಆಮೆ. ಬಹುತೇಕ ಶುದ್ಧ ಸಸ್ಯಾಹಾರಿ. ಬೆರಳುಗಳ ನಡುವೆ ಬಾತುಕೋಳಿಯದ್ದರ ಹಾಗೆ ಚರ್ಮವಿದ್ದು, ಬೆನ್ನು ಚಪ್ಪಟೆಯಾಗಿದ್ದರೆ ನೀರಿನದು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಮ್ಮ ನಾಡಿನ ಆಮೆಗಳು ಮನೆಗಲ್ಲ

ನಮ್ಮ ಕಡೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮೂರು. ದರೋಜಿ ಕರಡಿಧಾಮದಂಥ ಕುರುಚಲು ಕಾಡು, ಕಲ್ಲುಗುಡ್ಡಗಳಲ್ಲಿ ಇರುವುದು ನಕ್ಷತ್ರ ಆಮೆ. ಗಂಗಾವತಿ, ಸಿಂಧನೂರಿನ ಗದ್ದೆ ಮತ್ತು ಕಾಲುವೆಗಳಲ್ಲಿ ಇರುವುದು ಮೆತ್ತನೆಯ ಚಿಪ್ಪಿನ ಆಮೆ. ಅದರ ಹೊಟ್ಟೆಯ ಕಡೆ ಎರಡು ಮುಚ್ಚಳಗಳಿವೆ. ಹಿಂದಿನ ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡುಬಿಡುತ್ತದೆ! ಗದ್ದೆಯ ಬಸವನಹುಳ, ಕಪ್ಪೆ, ಮೀನು ಎಲ್ಲ ತಿನ್ನುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಮೂರನೆಯದು ಕರಿ ಆಮೆ. ಕೆರೆ, ಹೊಂಡಗಳದು.

ಈ ಯಾವುದನ್ನೂ ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಕ್ಷತ್ರ ಆಮೆ ಈಗ ಮೊದಲನೇ ಪಟ್ಟಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮೇಲೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ದೇಶದಿಂದ ದೇಶಕ್ಕೆ ವ್ಯಾಪಾರಕ್ಕೆಂದು ಸಾಗಿಸುವುದನ್ನು ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದ 2019ರಲ್ಲಿ ಪೂರ್ತಿ ನಿಲ್ಲಿಸಿತು. ಪ್ರೀತಿಯಿಂದ ಸಾಕಿದ್ದೆ ಸರ್ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಆಮೆ ಮನೆಗೆ ಬಂದರೆ ಲಕ್ಷ್ಮಿ ಬರುತ್ತಾಳೆ ಅಂತ ಕೆಲವರು ನಂಬುತ್ತಾರೆ. ನನಗೆ ತಿಳಿದಂತೆ ಅದರಿಂದ ಲಕ್ಷ್ಮಿ ಒಲಿದಿರುವುದು ಕಳ್ಳಸಾಗಣೆ ಮಾಡುವವರಿಗೆ ಮಾತ್ರ.

ಮಳೆಗಾಲದಲ್ಲಿ ರಸ್ತೆ ದಾಟುವ ಆಮೆ ಕಂಡರೆ ಗಾಡಿ ನಿಲ್ಲಿಸಿ. ಅದು ಯಾವ ಕಡೆ ಮುಖ ಮಾಡಿತ್ತೋ ಅದೇ ಕಡೆಗೆ ದಾಟಿಸಿ ಬಿಡಿ. ದೂರ ಒಯ್ದು ಬೇರೆ ಊರಿನ ಕೆರೆಗೆ ಹಾಕಬೇಡಿ. ನಕ್ಷತ್ರ ಆಮೆಯನ್ನು ಪುಣ್ಯ ಬರಲಿ ಅಂತ ತುಂಗಭದ್ರೆಗೆ ಬಿಡುವುದು ಬಕೆಟ್ಟಿನ ಕಥೆಯೇ, ಬಕೆಟ್ ದೊಡ್ಡದು ಅಷ್ಟೇ. ಗಂಗಾವತಿಯ ಆ ಆಮೆಯನ್ನು ಮರುದಿನ ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. ಗುಡ್ಡದಿಂದ ಅದನ್ನು ತಂದಿದ್ದ ಗೆಳೆಯ ಹತ್ತಿರ ಬರಲಿಲ್ಲ. ನಮ್ಮ ಹುಡುಗ ಸ್ವಲ್ಪ ಅತ್ತ.

ಹಾಗಾದರೆ ಯಾವುದನ್ನು ಸಾಕಬಹುದು?

ಹೊರದೇಶದ್ದನ್ನು. ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಎರಡು. ಒಂದು ಆಫ್ರಿಕಾದ ಸುಲ್ಕಾಟಾ. ಇದು ನೆಲದ್ದು. ಇನ್ನೊಂದು ಅಮೆರಿಕದ ಕೆಂಪು ಕಿವಿಯ ಆಮೆ. ಇದು ನೀರಿನದು. ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟಿ ಇರುತ್ತದೆ.

ಸುಲ್ಕಾಟಾ ಸೈಟಿಸ್ ಪಟ್ಟಿಯಲ್ಲಿರುವ ಪ್ರಾಣಿ. ಅಂಥವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು ಅಂತ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ನಿಯಮ ತಂದಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹೊಸದಾಗಿ ತಂದವರಿಗೆ 30 ದಿನದ ಗಡುವು. ಅಂಗಡಿಯವರು ಬಿಲ್ಲು, ಕಾಗದ ಕೊಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ವಿಷಯ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಸುಲ್ಕಾಟಾ ಮರಿ ನಿಂಬೆಹಣ್ಣಿನಷ್ಟು ಇರುತ್ತದೆ. ಬೆಳೆದ ಗಂಡು 40–50 ಕೆಜಿ ತೂಗುತ್ತದೆ, ಅಂದರೆ ಒಂದು ಸಿಮೆಂಟ್ ಚೀಲ. 70 ವರ್ಷ ಬದುಕಬಲ್ಲದು. ಫ್ಲ್ಯಾಟಿನಲ್ಲಿ ಇರುವವರು ಆಸೆ ಬಿಡಿ. ಮಣ್ಣಿನ ಅಂಗಳ ಇರುವವರು ಮಾತ್ರ ಮುಂದೆ ಓದಿ.

ಬಿಸಿಲು: ಔಷಧಿಯೂ ಹೌದು, ವಿಷವೂ ಹೌದು

ಆಮೆಯ ಚಿಪ್ಪು ಅದರ ಮೇಲೆ ಹೊದಿಸಿದ ಡಬ್ಬಿ ಅಲ್ಲ. ಅದು ಅದರ ಪಕ್ಕೆಲುಬು, ಬೆನ್ನೆಲುಬು. ಅವೇ ಅಗಲವಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಂಡಿವೆ. ಮೇಲಿನ ಪದರ ನಮ್ಮ ಉಗುರಿನಂಥದ್ದು. ಕೆಳಗೆ ರಕ್ತ, ನರ ಎಲ್ಲ ಇವೆ. ಗೀರಿದರೆ, ಬಡಿದರೆ ಅದಕ್ಕೆ ತಿಳಿಯುತ್ತದೆ. ಹಾಗಾಗಿ ಬಣ್ಣ ಬಳಿಯುವುದು, ಎಣ್ಣೆ ಹಚ್ಚಿ ಮಿಂಚಿಸುವುದು, ತೂತು ಕೊರೆದು ದಾರ ಕಟ್ಟುವುದು ಯಾವುದೂ ಬೇಡ.

ಇಷ್ಟು ದೊಡ್ಡ ಮೂಳೆಯ ಮನೆ ಕಟ್ಟಲು ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಬಹಳ ಬೇಕು. ಅದನ್ನು ತಿಂದರೆ ಸಾಲದು, ಕರುಳು ಅದನ್ನು ಹೀರಿಕೊಳ್ಳಬೇಕು. ಹೀರಿಕೊಳ್ಳಲು ವಿಟಮಿನ್ ಡಿ3 ಬೇಕು. ಅದು ಚರ್ಮದಲ್ಲಿ ತಯಾರಾಗುವುದು ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಬಿದ್ದಾಗ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕ್ಯಾಲ್ಸಿಯಂ ಹಾಗೇ ಹೊರಗೆ ಹೋಗುತ್ತದೆ. ಆಗ ದೇಹ ತನಗೆ ಬೇಕಾದ್ದನ್ನು ತನ್ನ ಮೂಳೆಯಿಂದಲೇ ಕೀಳುತ್ತದೆ. ಆಮೆಗೆ ಮೂಳೆ ಅಂದರೆ ಚಿಪ್ಪೇ ಅಲ್ವಾ? ಅದು ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ. ಕಾಲಿಗೆ ಶಕ್ತಿ ಇಲ್ಲದೆ ಹೊಟ್ಟೆ ಎಳೆಯುತ್ತ ನಡೆಯುತ್ತದೆ.

ಇಲ್ಲಿ ಬಹಳ ಜನ ಎಡವುವುದು ಗಾಜಿನಲ್ಲಿ. ಕಿಟಕಿಯ ಪಕ್ಕ ಇಟ್ಟಿದ್ದೇವೆ, ಚೆನ್ನಾಗಿ ಬಿಸಿಲು ಬೀಳುತ್ತದೆ ಅನ್ನುತ್ತಾರೆ. ಬೆಳಕು ಬರುತ್ತದೆ, ಶಾಖವೂ ಬರುತ್ತದೆ. ಯುವಿ-ಬಿಯನ್ನು ಮಾತ್ರ ಕಿಟಕಿಯ ಗಾಜು ತಡೆಯುತ್ತದೆ. ಹೊರದೇಶದವರು ಇದಕ್ಕೆಂದೇ ದುಬಾರಿ ಯುವಿ ದೀಪ ಹಾಕುತ್ತಾರೆ. ನಮಗೆ ಸೂರ್ಯ ಪುಕ್ಕಟೆ. ಬೆಳಗ್ಗೆ ಒಂದೆರಡು ತಾಸು ಅಂಗಳಕ್ಕೆ ಬಿಟ್ಟರೆ ಆ ಖರ್ಚೇ ಇಲ್ಲ.

ಆದರೆ ಇದೇ ಸೂರ್ಯ ರಾಯಚೂರಿನಲ್ಲಿ ಕೊಲ್ಲುತ್ತಾನೆ. ಆಮೆ ತಣ್ಣನೆ ರಕ್ತದ ಪ್ರಾಣಿ. ಅಂದರೆ ತನ್ನ ಮೈಯ ಶಾಖವನ್ನು ತಾನೇ ಮಾಡಿಕೊಳ್ಳುವುದಿಲ್ಲ. ಬೆವರುವುದೂ ಇಲ್ಲ. ಬಿಸಿ ಬೇಕಾದರೆ ಬಿಸಿಲಿಗೆ, ತಂಪು ಬೇಕಾದರೆ ನೆರಳಿಗೆ ನಡೆದುಕೊಂಡೇ ಹೋಗಬೇಕು. 30ರಿಂದ 35 ಡಿಗ್ರಿಯ ಬಿಸಿಲು ಕಾಯುವ ಜಾಗ, ಅದರ ಪಕ್ಕದಲ್ಲೇ ತಂಪಿನ ಜಾಗ, ಎರಡೂ ಇದ್ದರೆ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ನಾವು ತಾರಸಿಯ ಮೇಲೆ ಬಿಟ್ಟು ಬಾಗಿಲು ಹಾಕಿದರೆ ಆರಿಸಿಕೊಳ್ಳಲು ಏನಿದೆ? ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ದಾಟುತ್ತದೆ. ತಾರಸಿ, ಶಹಾಬಾದಿ ಕಲ್ಲಿನ ಅಂಗಳ ಅದಕ್ಕಿಂತ ಹೆಚ್ಚು ಕಾಯುತ್ತದೆ. ನಾವು ಬರಿಗಾಲಲ್ಲಿ ಒಂದು ನಿಮಿಷ ನಿಲ್ಲಲಾರೆವು. ಮೈಯ ಶಾಖ 40 ಡಿಗ್ರಿ ದಾಟಿದರೆ ಆಮೆ ಬದುಕುವುದು ಕಷ್ಟ. ಆ ಹೊತ್ತಿನಲ್ಲಿ ಮಗುಚಿ ಬಿದ್ದರಂತೂ ಮುಗಿಯಿತು.

ಹೀಗಾಗಿ ಪುಸ್ತಕ, ವಿಡಿಯೋಗಳಲ್ಲಿ ಹೇಳುವ ಹೀಟರ್, ಶಾಖದ ದೀಪದ ಮಾತು ನಮ್ಮ ಕಡೆಗೆ ತಲೆಕೆಳಗು. ನಮಗೆ ಬೇಕಾದ್ದು ನೆರಳು. ಬೇವಿನ ಮರದ ಕೆಳಗಿನ ಜಾಗಕ್ಕಿಂತ ಒಳ್ಳೆಯದಿಲ್ಲ. ಮರ ಇಲ್ಲದಿದ್ದರೆ ತೆಂಗಿನ ಗರಿ, ಜೋಳದ ದಂಟಿನ ಚಪ್ಪರ ಹಾಕಿ. ತಗಡು ಬೇಡ, ಅದು ಒಲೆಯಾಗುತ್ತದೆ. ಒಂದು ಮೂಲೆಯ ಮಣ್ಣಿಗೆ ದಿನಾ ನೀರು ಚಿಮುಕಿಸಿ. ಸುಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನದು. ಅಲ್ಲಿ ಅದು ಬಿಸಿಲನ್ನು ಗೆಲ್ಲುವುದು ಬಿಲ ತೋಡಿ. ಇಲ್ಲೂ ತೋಡುತ್ತದೆ. ಕಾಂಪೌಂಡ್ ಗೋಡೆಯ ಪಾಯ ಆಳವಾಗಿರಲಿ. ಜಾಲರಿಯ ಬೇಲಿ ಹಾಕಬೇಡಿ. ಆಚೆ ಕಂಡರೆ ಅಲ್ಲಿಗೆ ಹೋಗಲೇಬೇಕು ಅಂತ ಇಡೀ ದಿನ ತಳ್ಳುತ್ತ ನಿಲ್ಲುತ್ತದೆ. ಕಾಣದ ಗೋಡೆ ಇದ್ದರೆ ಸುಮ್ನೆ ತಿರುಗಿ ಬರುತ್ತದೆ.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ ಚಳಿ ತಾಗುತ್ತದೆ. ಮರಿಗಳನ್ನು ಒಳಗೆ ತನ್ನಿ. ಸುಲ್ಕಾಟಾ ಚಳಿಗಾಲದ ನಿದ್ದೆ ಮಾಡುವ ಜಾತಿ ಅಲ್ಲ. ಡಬ್ಬಿಯಲ್ಲಿ ಹಾಕಿ ಮಲಗಿಸಬೇಡಿ.

ನಾಯಿಯ ಬಗ್ಗೆ ಒಂದು ಮಾತು. ನಮ್ಮ ನಾಯಿ ಬಹಳ ಒಳ್ಳೆಯದು ಅಂತ ಎಲ್ಲರೂ ಅನ್ನುತ್ತಾರೆ. ನಾಯಿಗೆ ಚಿಪ್ಪು ಎಲುಬಿನ ತುಂಡಿನಂತೆ ಕಾಣುತ್ತದೆ, ಕೂತು ಕಡಿಯುತ್ತದೆ. ಮರಿಗಳಿಗೆ ಕಾಗೆ, ಹೆಗ್ಗಣ, ಇರುವೆಯ ಸಾಲೂ ಅಪಾಯ. ಆನೆಗೊಂದಿ ಕಡೆಯವರಿಗೆ ಮಂಗನ ಬಗ್ಗೆ ನಾನು ಹೇಳಬೇಕಿಲ್ಲ.

ತಟ್ಟೆಯಲ್ಲಿ ಏನಿರಬೇಕು

ಬೆಳೆದ ಸುಲ್ಕಾಟಾದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲು ಇರಬೇಕು. ಇದನ್ನು ಕೇಳಿದರೆ ಜನರಿಗೆ ನಿರಾಸೆಯಾಗುತ್ತದೆ. ಸೌತೆಕಾಯಿ, ಟೊಮೆಟೊ, ಬಾಳೆಹಣ್ಣು ಕೊಟ್ಟರೆ ಗಬಗಬ ತಿನ್ನುತ್ತದಲ್ಲ ಅನ್ನುತ್ತಾರೆ. ಮಕ್ಕಳು ಚಾಕಲೇಟನ್ನೂ ಹಾಗೇ ತಿನ್ನುತ್ತವೆ. ಒಣ ನಾಡಿನ ಈ ಆಮೆಯ ಕರುಳು ನಾರನ್ನು ನಿಧಾನವಾಗಿ ಹುಳಿಸಿ ಅರಗಿಸಿಕೊಳ್ಳಲು ಮಾಡಿದ್ದು. ಸಿಹಿ ಹಣ್ಣು ಬಿದ್ದರೆ ಆ ಹದ ಕೆಟ್ಟು ಭೇದಿಯಾಗುತ್ತದೆ.

ಗರಿಕೆ, ಗಿನಿ ಹುಲ್ಲು, ನೇಪಿಯರ್ ಹುಲ್ಲು ಚೆನ್ನಾಗಿ ಆಗುತ್ತದೆ. ಮರಿಗಳಿಗೆ ಹುಲ್ಲು ಒರಟು, ಅವುಗಳಿಗೆ ಸೊಪ್ಪು ಜಾಸ್ತಿ ಇರಲಿ. ವಿದೇಶದವರು ಬರೆದದ್ದನ್ನು ಓದಿದರೆ ಡ್ಯಾಂಡೆಲಿಯನ್ ಅನ್ನುವ ಎಲೆಯ ಜಪ ಕಾಣುತ್ತದೆ. ಅದನ್ನು ಎಲ್ಲಿಂದ ತರುವುದು ಅಂತ ನನ್ನನ್ನು ಕೇಳಿದವರಿದ್ದಾರೆ. ತರಬೇಡಿ. ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಇದೆಯಲ್ಲ, ಅದು ಅದರ ದಾಯಾದಿಯೇ. ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೇರಳ. ದಾಸವಾಳದ ಎಲೆ, ಹೂವು ಎರಡನ್ನೂ ಇಷ್ಟಪಟ್ಟು ತಿನ್ನುತ್ತದೆ. ಹಿಪ್ಪುನೇರಳೆ ಎಲೆ ಸಿಕ್ಕರೆ ಬಹಳ ಒಳ್ಳೆಯದು. ಹೊಲದ ಬೇಲಿಯ ಪಾಪಾಸುಕಳ್ಳಿಯ ದಪ್ಪ ಎಲೆಯನ್ನು ಮುಳ್ಳು ಸುಟ್ಟು, ಹೆಚ್ಚಿ ಹಾಕಿ. ಬೇಸಿಗೆಯಲ್ಲಿ ನೀರೂ ಸಿಗುತ್ತದೆ, ನಾರೂ ಸಿಗುತ್ತದೆ. ಆದರೆ ಮುರಿದರೆ ಹಾಲು ಸುರಿಯುವ ಕಳ್ಳಿ ಬೇರೆ. ಅದು ವಿಷ. ಎಕ್ಕ, ಕಣಗಿಲೆ, ದತ್ತೂರಿಯೂ ಅಷ್ಟೇ. ಅಂಗಳದಲ್ಲಿ ಕಣಗಿಲೆ ಇದ್ದರೆ ಉದುರಿದ ಎಲೆ, ಹೂವು ದಿನಾ ಗುಡಿಸಿ.

ನಮ್ಮ ಅಡುಗೆಮನೆಯ ಇಷ್ಟದ ಕೆಲವು ಸೊಪ್ಪು ಆಮೆಗೆ ಒಳ್ಳೆಯದಲ್ಲ. ಪಾಲಕ, ಪುಂಡಿಪಲ್ಯ, ಗೋಳಿ ಸೊಪ್ಪು ಇವುಗಳಲ್ಲಿ ಆಕ್ಸಲೇಟ್ ಹೆಚ್ಚು. ಅದು ಕ್ಯಾಲ್ಸಿಯಂ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಒಮ್ಮೆ ತಿಂದರೆ ಏನೂ ಆಗುವುದಿಲ್ಲ, ದಿನಾ ಹಾಕಿದರೆ ಮೇಲೆ ಹೇಳಿದ ಸರಪಳಿ ಕಳಚುತ್ತದೆ. ರಾಜಗಿರಿಯನ್ನು ಬೇರೆ ಸೊಪ್ಪಿನ ಜೊತೆ ಬೆರೆಸಿ ಕೊಡಿ. ಎಲೆಕೋಸು, ಹೂಕೋಸನ್ನು ದಿನಾ ಹಾಕಿದರೆ ಥೈರಾಯಿಡ್‌ಗೆ ತೊಂದರೆ. ಕುದುರೆ ಮೆಂತೆಯಲ್ಲಿ ಪ್ರೋಟೀನ್ ಜಾಸ್ತಿ, ರುಚಿಗೆ ಸ್ವಲ್ಪ ಸಾಕು. ಎಳೆ ಜೋಳದ ಪೈರು ದನಕ್ಕೆ ವಿಷವಾಗುತ್ತದೆ ಅನ್ನುವುದು ಇಲ್ಲಿನ ರೈತರಿಗೆಲ್ಲ ಗೊತ್ತು. ಆಮೆಗೂ ಬೇಡ. ರೊಟ್ಟಿ, ಅನ್ನ, ಹಾಲು, ಬ್ರೆಡ್ಡು, ನಾಯಿಯ ಬಿಸ್ಕತ್ತು ಯಾವತ್ತೂ ಕೊಡಬೇಡಿ.

ಎಲ್ಲಕ್ಕಿಂತ ನನಗೆ ಭಯ ಇರುವುದು ಹುಲ್ಲು ಎಲ್ಲಿಂದ ಬಂತು ಅನ್ನುವುದರ ಬಗ್ಗೆ. ಗದ್ದೆಯ ಬದುವಿನಲ್ಲಿ ಹಸಿರಾಗಿ ನಳನಳಿಸುವ ಹುಲ್ಲು ಕಂಡರೆ ಕೊಯ್ಯುವ ಆಸೆಯಾಗುತ್ತದೆ. ಅಲ್ಲಿಗೆ ನಾಲ್ಕು ದಿನದ ಹಿಂದೆ ಕಳೆನಾಶಕ ಹೊಡೆದಿದ್ದರೋ ಏನೋ. ಹತ್ತಿ ಹೊಲದ ಪಕ್ಕದ್ದಂತೂ ಬೇಡವೇ ಬೇಡ. ಎರಡು ಕುಂಡದಲ್ಲಿ ಗರಿಕೆ, ಒಂದು ನುಗ್ಗೆ, ಒಂದು ದಾಸವಾಳ ಮನೆಯಲ್ಲೇ ಬೆಳೆಸಿಕೊಂಡರೆ ಈ ಚಿಂತೆ ಇಲ್ಲ.

ಕ್ಯಾಲ್ಸಿಯಂಗೆ ಗಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಕೇಳಿ. ಅದು ಸಮುದ್ರದ ಒಂದು ಜೀವಿಯ ಒಳಗಿನ ಚಿಪ್ಪು. ಬಿಳಿ, ಹಗುರ. ಅಂಗಳದಲ್ಲಿ ಇಟ್ಟರೆ ಬೇಕಾದಾಗ ಬಂದು ಕೊರೆದು ತಿನ್ನುತ್ತದೆ. ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಪುಡಿ ಮಾಡಿ ಉದುರಿಸಿದರೂ ಆದೀತು. ಎಲೆ ಅಡಿಕೆಯ ಸುಣ್ಣ ಮಾತ್ರ ಹಾಕಬೇಡಿ. ಸುಣ್ಣಾಂಶ ಅಂದರೆ ಸುಣ್ಣ ಅಂದುಕೊಂಡು ಹಚ್ಚಿಬಿಟ್ಟರೆ ಬಾಯಿ ಸುಡುತ್ತದೆ.

ಮರುಭೂಮಿಯ ಪ್ರಾಣಿಗೆ ನೀರು ಯಾಕೆ

ಒಣ ನಾಡಿನದು, ನೀರು ಬೇಡ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಮರಿಗಳು ಹೆಚ್ಚಾಗಿ ಸಾಯುವುದು ಒಣಗಿ. ವಾರಕ್ಕೆ ಮೂರು ನಾಲ್ಕು ಸಲ ಅಗಲ ತಟ್ಟೆಯಲ್ಲಿ ಉಗುರು ಬೆಚ್ಚನೆ ನೀರು ಹಾಕಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ನೀರು ಗದ್ದದ ಕೆಳಗೇ ಇರಲಿ. ಅದು ಕುಡಿಯುತ್ತದೆ, ಅಲ್ಲೇ ವಿಸರ್ಜನೆಯನ್ನೂ ಮಾಡುತ್ತದೆ. ಬಿಳಿ ಪೇಸ್ಟಿನಂಥದ್ದು ಬಂದರೆ ಹೆದರಬೇಡಿ. ಅದು ಅದರ ಮೂತ್ರದ ಭಾಗ. ಮೆತ್ತಗಿದ್ದರೆ ಸರಿ. ಮರಳಿನಂತೆ ಗರಗರ ಅಂದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ಚಿಪ್ಪಿನ ಮೇಲೆ ಗೋಪುರದಂತೆ ಉಬ್ಬುಗಳು ಏಳುವುದಕ್ಕೂ ಒಣ ಹವೆಗೂ ನಂಟಿದೆ. ಜಾಸ್ತಿ ಪ್ರೋಟೀನ್ ತಿಂದರೆ ಹೀಗಾಗುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. 2003ರಲ್ಲಿ ಆಸ್ಟ್ರಿಯಾದ ಸಂಶೋಧಕರು ಸುಲ್ಕಾಟಾ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿದರು. ಒಣ ಗಾಳಿಯಲ್ಲಿ ಬೆಳೆದವಕ್ಕೇ ಉಬ್ಬು ಹೆಚ್ಚು ಬಂತು. ಪ್ರೋಟೀನಿನ ಪಾತ್ರ ಅಲ್ಪ. ಹಾಗಾಗಿ ಮರಿ ಮಲಗುವ ಜಾಗ ತೇವವಾಗಿರಬೇಕು. ನನ್ನ ಉಪಾಯ ಬಹಳ ಸರಳ. ಬಾಯಿ ಒಡೆದ ಹಳೇ ಗಡಿಗೆಯನ್ನು ಅಡ್ಡ ಮಲಗಿಸಿ, ಅರ್ಧ ಹೂತು, ಒಳಗೆ ಒದ್ದೆ ತೆಂಗಿನ ನಾರು ಹಾಕುವುದು. ಗಡಿಗೆಯ ಹೊರಗೆ ನೀರು ಚಿಮುಕಿಸಿದರೆ ಒಳಗೆ ಮೇ ತಿಂಗಳಲ್ಲೂ ತಂಪು.

ನೀರಿನ ಆಮೆ, ಮತ್ತು ನಾನು ಮೋಸ ಹೋದದ್ದು

ಹನ್ನೊಂದು ವರ್ಷದ ಹಿಂದೆ ದೊಡ್ಡ ಊರಿನ ಒಂದು ಅಂಗಡಿಯಲ್ಲಿ ಮಗಳಿಗೆ ಅಂತ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿದ್ದ, ಕೆಂಪು ಕಿವಿಯ ಆಮೆಯ ಹಸಿರು ಮರಿ ಕೊಂಡೆ. ಜೊತೆಗೆ ಪ್ಲಾಸ್ಟಿಕ್ ತೆಂಗಿನ ಮರ ಇದ್ದ ಬಟ್ಟಲು, ಕೆಂಪು ಒಣ ಸೀಗಡಿಯ ಡಬ್ಬಿ. "ಇದು ದೊಡ್ಡದಾಗಲ್ಲ ಸರ್, ಇಷ್ಟೇ ಇರುತ್ತೆ" ಅಂದರು. ನಂಬಿದೆ. ಶೋಕೇಸಿನಲ್ಲಿ ಇಟ್ಟೆವು. ಬಿಸಿಲು ಇಲ್ಲ, ಒಣಗಿ ಕೂರಲು ಸರಿಯಾದ ಜಾಗ ಇಲ್ಲ, ಮೂರು ಹೊತ್ತೂ ಸೀಗಡಿ. ಆರು ತಿಂಗಳಿಗೆ ಎರಡೂ ಕಣ್ಣು ಊದಿ ಮುಚ್ಚಿಕೊಂಡವು. ಮೆಡಿಕಲ್ ಶಾಪಿನ ಕಣ್ಣಿನ ಹನಿ ಹಾಕಿದ್ದೂ ಆಯಿತು. ಕಾಯಿಲೆ ಇದ್ದದ್ದು ಕಣ್ಣಿನಲ್ಲಲ್ಲ, ಊಟದಲ್ಲಿ. ವಿಟಮಿನ್ ಎ ಕಡಿಮೆಯಾದರೆ ಆಮೆಗೆ ಹೀಗೆ ಆಗುತ್ತದೆ. ಕಣ್ಣು ಕಾಣದ ಆಮೆ ತಿನ್ನುವುದನ್ನೂ ಬಿಡುತ್ತದೆ. ಹೈದರಾಬಾದಿಗೆ ಒಯ್ದು ತೋರಿಸಿದ ಮೇಲೆ ಉಳಿಯಿತು.

ಅದರ ಹೆಸರು ಚಂದ್ರಿ. ಈಗ ಊಟದ ತಟ್ಟೆಯಷ್ಟು ಅಗಲ ಇದ್ದಾಳೆ. ಹೆಣ್ಣುಗಳು 25–30 ಸೆಂಟಿಮೀಟರ್ ಬೆಳೆಯುತ್ತವೆ. ಇವುಗಳಿಗೆ ಲೆಕ್ಕ ಹೀಗೆ: ಚಿಪ್ಪಿನ ಪ್ರತಿ ಒಂದು ಇಂಚಿಗೆ ಸುಮಾರು 40 ಲೀಟರ್ ನೀರು. ಆ ಬಟ್ಟಲಿನಲ್ಲಿ ಒಂದು ಲೀಟರೂ ಹಿಡಿಯುತ್ತಿರಲಿಲ್ಲ.

ನೀರಿನ ಆಮೆಗೆ ಊಟವನ್ನು ನೀರಿನಲ್ಲೇ ಹಾಕಬೇಕು. ನೀರಿಲ್ಲದೆ ಅದಕ್ಕೆ ಸರಿಯಾಗಿ ನುಂಗಲು ಬರುವುದಿಲ್ಲ. ಮರಿಯಾಗಿದ್ದಾಗ ಮಾಂಸಾಹಾರ ಜಾಸ್ತಿ, ಬೆಳೆದಂತೆ ಸೊಪ್ಪಿನ ಕಡೆ ವಾಲುತ್ತದೆ. ಆಮೆಗೆಂದೇ ಮಾಡಿದ ಗುಳಿಗೆಯಂಥ ಆಹಾರ (ಪೆಲೆಟ್) ಮರಿಗೆ ದಿನಾ, ದೊಡ್ಡದಕ್ಕೆ ದಿನ ಬಿಟ್ಟು ದಿನ. ಒಂದು ಹೊತ್ತಿಗೆ ಅದರ ತಲೆಯಷ್ಟು ಗಾತ್ರ ಸಾಕು. ಆಗಾಗ ಸಣ್ಣ ಮೀನು, ಎರೆಹುಳ. ನುಗ್ಗೆ, ಹಕ್ಕರಕಿ, ತುರಿದ ಗಜ್ಜರಿ, ನೀರಿನ ಗಿಡಗಳು. ನಿಮ್ಮನ್ನು ಕಂಡಾಗಲೆಲ್ಲ ಗಾಜಿಗೆ ಮುಖ ಹಚ್ಚಿ ಈಜಾಡುತ್ತದೆ. ಹಸಿವು ಅಂದುಕೊಂಡು ಹಾಕುತ್ತ ಹೋದರೆ ಬೊಜ್ಜು ಬರುತ್ತದೆ. ಚಂದ್ರಿ ನಮ್ಮ ಮನೆಯ ನಾಲ್ವರಿಗೂ ಬೇರೆ ಬೇರೆ ನಾಟಕ ಮಾಡಿ ನಾಲ್ಕು ಸಲ ತಿನ್ನುತ್ತಿದ್ದಳು. ಈಗ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದೇವೆ.

ಪೂರ್ತಿ ಒಣಗಿ ಕೂರಲು ಕಲ್ಲು ಅಥವಾ ಹಲಗೆ ಬೇಕು. ಸದಾ ಒದ್ದೆಯಾಗಿದ್ದರೆ ಚಿಪ್ಪು ಕೊಳೆಯುತ್ತದೆ. ತೊಟ್ಟಿಗೆ ಅರ್ಧ ನೆರಳಿರಲಿ. 24ರಿಂದ 28 ಡಿಗ್ರಿಯ ನೀರು ಚೆನ್ನ, ಮೇ ತಿಂಗಳ ಬಿಸಿಲಿಗೆ ಸಣ್ಣ ತೊಟ್ಟಿ ಚಹಾದ ಹಾಗೆ ಕಾಯುತ್ತದೆ. ನಲ್ಲಿ ನೀರನ್ನು ರಾತ್ರಿ ತುಂಬಿಟ್ಟು ಬೆಳಗ್ಗೆ ಹಾಕಿದರೆ ಕ್ಲೋರಿನ್ ಹಾರಿರುತ್ತದೆ. ಫಿಲ್ಟರ್ ಇದ್ದರೂ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಬೇಕು. ಆ ಕೊಳೆ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ. ಇನ್ನು ಹೆಣ್ಣು ಆಮೆ ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಮರಿಯಾಗದ ಮೊಟ್ಟೆ ಅವು. ಆದರೂ ತೋಡಲು ಮರಳು ಸಿಗದಿದ್ದರೆ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡು ಪ್ರಾಣಕ್ಕೇ ಕುತ್ತು ತಂದುಕೊಳ್ಳುತ್ತದೆ. ಒಂದು ಬುಟ್ಟಿ ಒದ್ದೆ ಮರಳು ಇಡಿ.

ಸಾಕಾಯಿತು ಅಂತ ಇದನ್ನು ಕಾಲುವೆಗೋ ಗುಡಿಯ ಪುಷ್ಕರಣಿಗೋ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಕೆಂಪು ಕಿವಿಯ ಆಮೆ ಇದೆ. ಯುರೋಪಿನವರು ಇದರ ಆಮದನ್ನು 1997ರಲ್ಲೇ ನಿಲ್ಲಿಸಿದರು. ನಮ್ಮ ಕೆರೆಗಳ ಆಮೆಗಳಿಂದ ಊಟವನ್ನೂ ಬಿಸಿಲು ಕಾಯುವ ಕಲ್ಲನ್ನೂ ಇದು ಕಿತ್ತುಕೊಳ್ಳುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟಿದ್ದಾರೆ. ಆ ಹೊಳೆಯಲ್ಲಿ ನಮ್ಮದೇ ಆಮೆಗಳೂ ಇವೆ. ಅಲ್ಲಿಗೆ ಹೋಗಿ ಇದನ್ನು ಬಿಡುವುದು ಪುಣ್ಯದ ಕೆಲಸ ಹೇಗಾದೀತು?

ಕೈ ತೊಳೆಯುವುದು, ಡಾಕ್ಟರ ಹತ್ತಿರ ಹೋಗುವುದು

ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಆಮೆಗೆ ಏನೂ ಆಗುವುದಿಲ್ಲ, ಮಕ್ಕಳಿಗೆ ಜ್ವರ, ಭೇದಿ. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಮಕ್ಕಳು ಅಷ್ಟು ಚಿಕ್ಕದನ್ನು ಬಾಯಿಗೇ ಹಾಕಿಕೊಳ್ಳುತ್ತಿದ್ದರು. ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು ದೂರದಿಂದ ನೋಡಲಿ.

ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೆ ಕಾಯಿಲೆಯನ್ನು ಬಹಳ ದಿನ ಮುಚ್ಚಿಡುತ್ತದೆ, ತೂಕ ಮಾತ್ರ ಮೊದಲೇ ಹೇಳುತ್ತದೆ. ಮೂಗಿನಲ್ಲಿ ಗಾಳಿಗುಳ್ಳೆ, ಬಾಯಿ ತೆರೆದು ಉಸಿರಾಟ, ನೀರಿನಲ್ಲಿ ಒಂದು ಕಡೆ ವಾಲಿ ತೇಲುವುದು ಇವು ನ್ಯುಮೋನಿಯಾದ ಲಕ್ಷಣ. ಕಿವಿಯ ಜಾಗದಲ್ಲಿ ಗಂಟು ಕಂಡರೆ ಹಿಸುಕಬೇಡಿ. ಆಮೆಯ ಕೀವು ಪನೀರಿನಂತೆ ಗಟ್ಟಿ, ಕೊಯ್ದೇ ತೆಗೆಯಬೇಕು.

ನಮ್ಮ ಜಿಲ್ಲೆಗಳ ಪಶು ವೈದ್ಯರು ದನ, ಎಮ್ಮೆ, ಕುರಿಯಲ್ಲಿ ಪಳಗಿದವರು. ಆಮೆ ಅವರ ಕೈಗೆ ಬರುವುದು ಅಪರೂಪ. ಹೋದರೆ ಒಂದು ಮಾತನ್ನು ನೀವೇ ನೆನಪಿಸಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಕುರಿ, ಮೇಕೆಯ ಹುಳಕ್ಕೆ, ಉಣ್ಣಿಗೆ ಕೊಡುವ ಐವರ್ಮೆಕ್ಟಿನ್ ಆಮೆಗೆ ಪ್ರಾಣಾಂತಿಕ. ಕೈಕಾಲು ಸೋತು ಉಸಿರು ನಿಲ್ಲಬಹುದು. ಆ ಔಷಧಿ ಬೇಡವೇ ಬೇಡ. ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರು, ರಾಯಚೂರಿನವರಿಗೆ ಹೈದರಾಬಾದು ಅಂತ ಸರೀಸೃಪ ನೋಡುವ ಒಬ್ಬ ವೈದ್ಯರ ನಂಬರನ್ನು ಆಮೆ ತರುವ ಮೊದಲೇ ಇಟ್ಟುಕೊಳ್ಳಿ.

ಚಂದ್ರಿಯ ಜಾತಿ ಮೂವತ್ತು ವರ್ಷ ಆರಾಮಾಗಿ ಬದುಕುತ್ತದೆ. ಆ ಹೊತ್ತಿಗೆ ನಾನು ಎಪ್ಪತ್ತು ದಾಟಿರುತ್ತೇನೆ, ತೊಟ್ಟಿ ಎತ್ತಲು ಆಗುವುದಿಲ್ಲ. ಮಗಳು ಬೆಂಗಳೂರಿನ ಫ್ಲ್ಯಾಟಿನಲ್ಲಿ. ಅದಕ್ಕೇ ಗಂಗಾವತಿಯ ಅಕ್ಕನ ಮಗನನ್ನು ಈಗಲೇ ಕೇಳಿದೆ, ನೀನು ನೋಡಿಕೊಳ್ತೀಯಾ ಅಂತ. ಸ್ವಲ್ಪ ಹೊತ್ತು ಯೋಚಿಸಿದ.

"ನೋಡ್ಕೊಂತೀನಿ ಮಾಮಾ. ಮೊದ್ಲ ಅದರ ಕಾಲು ತೋರ್ಸು."